ಇಪ್ಪತ್ಮೂರನೆಯ ಮನೆ

ನಮ್ಮ ಹೊನ್ನಾವರದ ವಾರ್ಡಿನಲ್ಲಿ ನನಗಿರುವ ಮರ್ಯಾದೆಯೆಲ್ಲ ನನ್ನ ಅಕ್ಷರಕ್ಕೆ ಸಿಕ್ಕಿದ್ದು. ಮೂವತ್ತು ವರ್ಷ ಶಾಲೆಯ ಕರಿಹಲಗೆಯ ಮೇಲೆ ಬರೆದ ಕೈ ಇದು. ನಿವೃತ್ತಿಯಾದ ಮರುವರ್ಷವೇ ಇಗರ್ಜಿಯವರು, ಅಂದರೆ ನಮ್ಮ ಚರ್ಚಿನವರು, ನನ್ನನ್ನು ತಮ್ಮ ವಾರ್ಡು ಸಮಿತಿಯ ಕಾರ್ಯದರ್ಶಿ ಮಾಡಿದರು. ಅವರಿಗೆ ಬುದ್ಧಿ ಬೇಕಾಗಿರಲಿಲ್ಲ, ಬರೆಯುವವರು ಬೇಕಾಗಿತ್ತು. ಬುದ್ಧಿ ಅಧ್ಯಕ್ಷರ ಹತ್ತಿರ ಧಾರಾಳವಾಗಿತ್ತು. ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿದ್ದು ಬಂದವರು, ಸಿಕ್ಕರೆ ದೇವರಿಗೂ ನಾಲ್ಕು ಸಲಹೆ ಕೊಡುವವರು.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮರಿಯ ಮಾತೆಯ ಪ್ರತಿಮೆ ದಿನಕ್ಕೊಂದರಂತೆ ವಾರ್ಡಿನ ಮನೆಮನೆಗೆ ಹೋಗುತ್ತದೆ. ಸಂಜೆ ಒಂದು ಮನೆಯವರು ಮೊಂಬತ್ತಿ ಹಿಡಿದು ಹಾಡುತ್ತ ಮಾತೆಯನ್ನು ಮುಂದಿನ ಮನೆಯ ಹೊಸ್ತಿಲಿಗೆ ಒಯ್ಯಬೇಕು. ಆ ಮನೆಯವರು ಹೊಸ್ತಿಲಲ್ಲೇ ನಿಂತು ಕೈಯಿಂದ ಕೈಗೆ ತೆಗೆದುಕೊಳ್ಳಬೇಕು. ನಡುವೆ ಎಲ್ಲೂ ನೆಲಕ್ಕಿಡುವಂತಿಲ್ಲ. ಯಾರ ನಂತರ ಯಾರ ಮನೆ ಎಂಬ ಪಟ್ಟಿ ಬರೆಯುವುದು ನನ್ನ ಕೆಲಸ. ಒಟ್ಟು ಇಪ್ಪತ್ತೆರಡು ಮನೆ. ಆ ತಿಂಗಳು ನಮ್ಮವರ ಭಕ್ತಿಯನ್ನು ನೋಡಬೇಕು! ಕಿಟಕಿಗೆ ಹೊಸ ಪರದೆ, ಸೋಫಾಕ್ಕೆ ಹೊಸ ಕವರು, ಮಾತೆಗೆ ಭಟ್ಕಳದ ಮಲ್ಲಿಗೆ. ಜಪ ಅರ್ಧ ಗಂಟೆ ನಡೆದರೆ, ಯಾರ ಮನೆಯ ಕಟ್ಲೆಟ್ ಹಳಸಿತ್ತು ಎಂಬ ಚರ್ಚೆ ಒಂದು ವಾರ ನಡೆಯುತ್ತದೆ.

ವಾರ್ಡಿನಲ್ಲಿ ಇಪ್ಪತ್ಮೂರನೆಯದೂ ಒಂದಿತ್ತು. ನನ್ನ ಮನೆಯ ಹಿಂದಿನ ದಿಬ್ಬದ ಮೇಲೆ, ಸಿಮೆಟರಿಗೆ ಹೋಗುವ ದಾರಿಯ ಪಕ್ಕದಲ್ಲಿ, ಹೆಂಚು ಹೊದೆಸಿದ ಎರಡು ಕೋಣೆ. ಅಲ್ಲಿರುವ ಹೆಂಗಸು ಯಲ್ಲಾಪುರ ಕಡೆಯ ಸಿದ್ದಿಯವಳು. ಹುಟ್ಟಾ ಕ್ರೈಸ್ತಳು, ನಾವು ಹೇಳುವ ಜಪವನ್ನೇ ನಮಗಿಂತ ತಪ್ಪಿಲ್ಲದೆ ಹೇಳುತ್ತಾಳೆ. ಎಳೆಯ ವಯಸ್ಸಿನಲ್ಲಿ ನಮ್ಮವರದೇ ಒಂದು ದೊಡ್ಡ ಮನೆಗೆ ಕೆಲಸಕ್ಕೆಂದು ಬಂದವಳು ಇಲ್ಲೇ ಉಳಿದಳು. ಈಗ ಇಗರ್ಜಿ ಗುಡಿಸುತ್ತಾಳೆ. ವಾರ್ಡಿನಲ್ಲಿ ಯಾವ ಹೆಂಗಸು ಸತ್ತರೂ ಸ್ನಾನ ಮಾಡಿಸಿ, ಮದುವೆಯ ಸೀರೆ ಉಡಿಸಿ, ಬೆರಳಿಗೆ ಜಪಸರ ಸುತ್ತಿ ಕೊಡುವವಳು ಅವಳೇ. ಸತ್ತವರನ್ನು ಮುಟ್ಟಲು ನಮ್ಮ ಹೆಂಗಸರಿಗೆ ಹೆದರಿಕೆ. ಅಳುವುದರಲ್ಲಿ ಮಾತ್ರ ಒಬ್ಬರಿಗೊಬ್ಬರು ಸೋಲುವುದಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ, ತೆನೆಹಬ್ಬದ ಮರುದಿನ, ಅವಳು ನನ್ನ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಸುಮಾರು ಹೊತ್ತು ಮಳೆಯ ಬಗ್ಗೆ, ಮೀನಿನ ಬಗ್ಗೆ ಮಾತಾಡಿದಳು. ಆಮೇಲೆ ಕೇಳಿದಳು:

“ಬಾಯೋರೆ, ಮಾತೆ ನಮ್ಮನಿಗೂ ಒಂದಿನ ಬತ್ತದ್ಯ?”

ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಅವಳು ಮನೆಯ ಮುಂದಿನ ಗೋಡೆಗೆ ಸುಣ್ಣ ಹೊಡೆಯುವುದನ್ನು ನಾನು ಹಿತ್ತಲಿನಿಂದ ನೋಡುತ್ತಿದ್ದೆ. ಇವಳಿಗೆ ಸುಣ್ಣದ ಹುಚ್ಚು ಎಂದುಕೊಂಡಿದ್ದೆ. ಅಷ್ಟು ವರ್ಷ ಅವಳು ಮಾತೆಗೆ ಕಾಯುತ್ತಿದ್ದಳು ಎಂದು ಹೊಳೆಯದ ನಾನು, ಮಕ್ಕಳ ಮನಸ್ಸು ಓದಬಲ್ಲ ಶಿಕ್ಷಕಿ ಎಂದು ಬೀಳ್ಕೊಡುಗೆಯಲ್ಲಿ ಹೊಗಳಿಸಿಕೊಂಡವಳು.

ವಿಷಯವನ್ನು ಸಮಿತಿಯಲ್ಲಿಟ್ಟೆ. ಸಭೆ ನಡೆದ ಕೋಣೆಯ ಗೋಡೆಯಲ್ಲಿ ನಾನೇ ಬರೆದ ಬ್ಯಾನರ್ ತೂಗುತ್ತಿತ್ತು. ಸಾಮಾಜಿಕ ನ್ಯಾಯದ ಸಮಾವೇಶಕ್ಕೆಂದು ಬಸ್ಸು ಮಾಡಿಕೊಂಡು ಕುಮಟೆಗೆ ಹೋಗಿ, ಅದನ್ನು ಹಿಡಿದು ಘೋಷಣೆ ಕೂಗಿ, ಬಿರಿಯಾನಿ ಉಂಡು ಬಂದಿದ್ದೆವು. ನಮ್ಮ ನ್ಯಾಯಕ್ಕೆ ಬಸ್ಸಿನಲ್ಲಿ ಹೋಗುವಷ್ಟು ದೂರ ಇರಲೇಬೇಕು. ಹಿತ್ತಲಿಗೆ ಬಂದರೆ ಅದಕ್ಕೆ ಕಣ್ಣು ಕಾಣುವುದಿಲ್ಲ.

ದಿಬ್ಬದ ದಾರಿ ಜಾರುತ್ತದೆ, ಗಾಜಿನ ಪೆಟ್ಟಿಗೆ ಬಿದ್ದರೆ ಯಾರು ಹೊಣೆ ಎಂದರು ಅಧ್ಯಕ್ಷರು. ಅದೇ ದಾರಿಯಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಕಲ್ಲಿನಂಥ ಶವಪೆಟ್ಟಿಗೆಗಳನ್ನು ಹೊತ್ತು ಹತ್ತಿದವರು ನಾವು. ಒಂದು ಹೆಣವೂ ಜಾರಿದ್ದಿಲ್ಲ. ಇಗರ್ಜಿಯಲ್ಲಿ ಯಾವಾಗಲೂ ಮುಂದಿನ ಬೆಂಚಿನಲ್ಲೇ ಕೂರುವ ಒಬ್ಬ ಹೆಂಗಸಿದ್ದಾರೆ. ಅವಳೇ ನಮ್ಮ ಮನೆಗೆ ಬಂದು ಜಪ ಮಾಡಲಿ ಪಾಪ, ಜಗಲಿಯಲ್ಲಿ ಜಾಗ ಇದೆಯಲ್ಲ ಎಂದು ಅವರು ಔದಾರ್ಯ ತೋರಿದರು. ಕೊನೆಗೆ ಅವರ ಬಾಯಿಂದಲೇ ನಿಜ ಹೊರಬಿತ್ತು.

“ಕೊಡೂದು ದೊಡ್ಡದಲ್ಲ. ಮರುದಿನ ಅವ್ಳ ಕೈಯಿಂದ ತಕಳೂರು ಯಾರು?”

ಹೆಣ ತೊಳೆಯುವ ಕೈ ಎಂದು ಯಾರೂ ಹೇಳಲಿಲ್ಲ. ಸಿದ್ದಿಯ ಕೈ ಎಂದಂತೂ ಹೇಳಲೇ ಇಲ್ಲ. ನಾವು ಸಭ್ಯರು. ಅವಳ ಮನೆ ಪಟ್ಟಿಗೆ ಸೇರಿದರೆ ಅದರ ಮುಂದಿನದು ನನ್ನ ಮನೆ. ಎಲ್ಲರೂ ನನ್ನತ್ತ ನೋಡಿದರು. ನಾನು ತೆಗೆದುಕೊಳ್ಳುತ್ತೇನೆ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ತಲೆ ತಗ್ಗಿಸಿ, ದಾರಿ ಸರಿಯಾದ ಮೇಲೆ ಪರಿಶೀಲಿಸುವುದು ಎಂದು ಠರಾವು ಬರೆದೆ. ಅಕ್ಷರ ಮುತ್ತಿನ ಹಾಗೆ ಬಂದಿತ್ತು.

ಮನೆ ಮುಟ್ಟುವವರೆಗೂ ಅವರನ್ನೆಲ್ಲ ಮನಸ್ಸಿನಲ್ಲೇ ಉಗಿದೆ. ಬೇರೆಯವರನ್ನು ಉಗಿಯುತ್ತಿದ್ದರೆ ನಾವು ಒಳ್ಳೆಯವರು ಅನ್ನಿಸುತ್ತದೆ, ಖರ್ಚೂ ಇಲ್ಲ. ಅವಳಿಗೆ ದಾರಿಯ ಕಾರಣವನ್ನೇ ಹೇಳಿದೆ. ಆತು ಎಂದಳು. ಮರುವಾರದಿಂದ ದಿನಾ ಬೆಳಿಗ್ಗೆ ಒಂದೊಂದೇ ಚಿರೇಕಲ್ಲು ಹೊತ್ತು ತಂದು ಮೆಟ್ಟಿಲು ಹಾಕತೊಡಗಿದಳು. ಅಕ್ಟೋಬರಿನಲ್ಲಿ ಮಾತೆ ಅವಳ ಮನೆಗೆ ಹೋಗದೆ ನೇರ ನನ್ನ ಮನೆಗೆ ಬಂದಳು. ನಾನೂ ಹೊಸ ಪರದೆ ಹಾಕಿದ್ದೆ.

ಈ ಜುಲೈಯಲ್ಲಿ ನನ್ನ ಅಮ್ಮ ತೀರಿಕೊಂಡಳು. ಸಮಿತಿಯ ಹೆಂಗಸರು ಚಾವಡಿಯಲ್ಲಿ ಕೂತು ಮೂಗು ಒರೆಸಿಕೊಂಡರು. ಒಳಗೆ ಅವಳೊಬ್ಬಳೇ ಅಮ್ಮನಿಗೆ ಬಿಸಿನೀರಿನಲ್ಲಿ ಸ್ನಾನ ಮಾಡಿಸಿದಳು, ತಲೆ ಬಾಚಿದಳು, ಉಗುರಿನ ಸಂದಿಯನ್ನೂ ಬಿಡದೆ ಒರೆಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಸೀರೆ ಉಡಿಸಲು ಒಬ್ಬರ ಆಸರೆ ಬೇಕಾಗಿ ನನ್ನನ್ನು ಕರೆದು, ಅಮ್ಮನ ತಲೆಯನ್ನು ತನ್ನ ಒದ್ದೆ ಕೈಯಿಂದ ನನ್ನ ಕೈಗೆ ದಾಟಿಸಿದಳು. ಹಿಂದೆ ಮುಂದೆ ನೋಡದೆ ತೆಗೆದುಕೊಂಡೆ. ಆಗ ಅಳು ಒತ್ತರಿಸಿ ಬಂತು. ನಿನಗೆ ಏನು ಬೇಕು ಹೇಳು, ಏನು ಬೇಕಾದರೂ ಕೊಡುತ್ತೇನೆ ಎಂದೆ.

ಅವಳು ಟವೆಲು ಹಿಂಡುತ್ತಿದ್ದಳು.

“ಎಂತದೂ ಬ್ಯಾಡ ಬಾಯೋರೆ. ದಾರಿ ಸಮಾ ಆತಲ. ಈ ಸಲ ಪಟ್ಟಿಲಿ ನಮ್ಮನೆ ಬರೀತ್ರಿ ಅಲ್ದ?”

ಅಮ್ಮನ ತಲೆ ಇನ್ನೂ ನನ್ನ ತೋಳಿನ ಮೇಲಿತ್ತು. ಪಟ್ಟಿ ಬರೆಯುವವಳು ನಾನು. ಮುಂದಿನ ಮನೆ ನನ್ನದು.

“ಸಮಿತಿಯಲ್ಲಿ ಕೇಳಿ ಹೇಳ್ತೆ” ಎಂದೆ.