ಆಸರೆಯಿಲ್ಲದ ಮೆಟ್ಟಿಲು

ರಾಷ್ಟ್ರೀಯ ಸ್ಮಾರಕಕ್ಕೆ ಬರುವವರಿಗೆ ಮೆಟ್ಟಿಲುಗಳ ಅರ್ಥ ಬಿಡಿಸಿ ಹೇಳುವುದೇ ಅವಳ ಕೆಲಸ. ಅದಕ್ಕೇ ಟಿಕೆಟ್ ಹರಿಯುವವನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಮೆಟ್ಟಿಲಕ್ಕ. ಕೆಳಗಿನ ಮೆಟ್ಟಿಲು ಬೀದಿಯಷ್ಟು ಅಗಲ, ಮೇಲಿನದು ಇಬ್ಬರು ಒತ್ತಿಕೊಂಡು ನಿಲ್ಲುವಷ್ಟು. ಬೇರೆ ಬೇರೆ ಕಡೆಯಿಂದ ಬಂದವರು ಒಂದಾಗಲಿ ಅಂತ. ಎಲ್ಲವೂ ಮಾಮೂಲಿಗಿಂತ ಎತ್ತರ. ಕಾಲಿಡುವ ಜಾಗ ನೋಡಿಕೊಂಡೇ ಹತ್ತಬೇಕು, ತಲೆ ತಾನಾಗಿ ತಗ್ಗಲಿ ಅಂತ. ಇವೆರಡೂ ನಕ್ಷೆ ಬರೆದ ಶಿಲ್ಪಿಯ ಯೋಚನೆ. ಮೂರನೆಯ ಅರ್ಥವೊಂದಿದೆ. ಅದರ ಮಾತು ಬಂದರೆ ಸಾಕು, ಮೆಟ್ಟಿಲಕ್ಕನಿಗೆ ಮೈಯೆಲ್ಲ ಉರಿಯುತ್ತದೆ.

ಮೇಲಿನ ಗೋಡೆಯ ಮೇಲೆ ಯುದ್ಧದಲ್ಲಿ ಸತ್ತವರ ಹೆಸರುಗಳಿವೆ. ಅವಳ ಅಣ್ಣನದೂ ಇದೆ. ಅಣ್ಣನ ದೇಹ ಮನೆಗೆ ಬರಲೇ ಇಲ್ಲ. ಅಮ್ಮನಿಗೆ ಮುಟ್ಟಲು ಉಳಿದಿರುವುದು ಆ ಹೆಸರೊಂದೇ. ಆದರೆ ಅಮ್ಮನ ಮಂಡಿ ಕೈಕೊಟ್ಟಿದೆ, ಇಲ್ಲಿ ಹಿಡಿದು ಹತ್ತಲು ಏನೂ ಇಲ್ಲ. ಎತ್ತಿಕೊಂಡು ಹೋಗುತ್ತೇವೆ ಎಂದ ಕಾವಲುಗಾರರನ್ನು ಅಮ್ಮ ಗದರಿಸಿ ಕಳಿಸಿದ್ದಳು. ಮಗನ ಹತ್ತಿರ ಮೂಟೆಯ ಹಾಗೆ ಹೋಗುವವಳಲ್ಲವಂತೆ ಅವಳು.

ಒಂದು ರೇಲಿಂಗ್ ಹಾಕಿಸಿ ಎಂದು ಮೆಟ್ಟಿಲಕ್ಕ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಇವತ್ತು ನಾಳೆ ಎನ್ನುತ್ತಿದ್ದ ಉಸ್ತುವಾರಿ ಅಧಿಕಾರಿ ಕೊನೆಗೊಂದು ದಿನ ಕೂರಿಸಿ, ಆಗುವುದಿಲ್ಲ ಎಂದರು. ಸತ್ತವರಿಗೆ ಹಿಡಿದುಕೊಳ್ಳಲು ಆಸರೆ ಇರಲಿಲ್ಲ, ಅದಕ್ಕೇ ಇಲ್ಲಿ ನಮಗೂ ಆಸರೆಯಿಲ್ಲ. ಈ ಸ್ಮಾರಕದ ಜೀವಾಳವೇ ಅದು, ಬಾಗಿಲ ಕಲ್ಲಿನ ಮೇಲೂ ಕೆತ್ತಿಸಿದ್ದೇವೆ, ದಿನಾ ನೀವೇ ಹೇಳುತ್ತೀರಲ್ಲ ಎಂದರು.

ಹೇಳುತ್ತಾಳೆ, ಹೇಳದೆ ಏನು ಮಾಡಿಯಾಳು? ಆ ಮೂರನೆಯ ಅರ್ಥ ಹುಟ್ಟಿದ್ದೇ ಅವಳ ಬಾಯಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಪ್ರವಾಸಿ ರೇಲಿಂಗ್ ಯಾಕಿಲ್ಲ ಎಂದು ಕೇಳಿದ್ದರು. ಉದ್ಘಾಟನೆಯ ತರಾತುರಿಯಲ್ಲಿ, ರೇಲಿಂಗ್ ಕಂಬಗಳಿಗೆಂದು ಕೊರೆದಿದ್ದ ತೂತುಗಳನ್ನು ಸಿಮೆಂಟ್ ಮೆತ್ತಿ ಮುಚ್ಚಿಬಿಟ್ಟರು ಎನ್ನಲು ಅವಳಿಗೆ ನಾಚಿಕೆಯಾಯಿತು. ದೇಶದ ಮಾನ ಉಳಿಸುವ ಹುರುಪಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿದಳು. ಕೇಳಿದವರ ಕಣ್ಣು ತುಂಬಿತು. ಆ ರುಚಿಗೆ ಮರುದಿನವೂ ಹೇಳಿದಳು. ಆಮೇಲೆ ಅದನ್ನು ಭಾಷಣದವರು ಹಿಡಿದುಕೊಂಡರು, ಪಠ್ಯಪುಸ್ತಕದವರೂ ಹಿಡಿದುಕೊಂಡರು.

"ಸಾರ್, ಅದು ನಾನೇ ಕಟ್ಟಿದ ಕಥೆ. ಬೇಕಾದ್ರೆ ಬನ್ನಿ, ಮುಚ್ಚಿರೋ ತೂತು ತೋರಿಸ್ತೀನಿ," ಎಂದಳು.

ಅಧಿಕಾರಿ ನಕ್ಕುಬಿಟ್ಟರು. "ಇರಬಹುದಮ್ಮ. ಈಗ ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ರೇಲಿಂಗ್ ಹಾಕಿದ್ರೆ ಜನ ಸುಮ್ನೆ ಬಿಡ್ತಾರಾ?"

ತನ್ನ ಗುಂಡಿ ತಾನೇ ತೋಡಿಕೊಂಡವಳು ಯಾರನ್ನು ಬೈಯಬೇಕು? ಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು. ಕೊನೆಗೆ, ರೇಲಿಂಗ್ ಹಾಳಾಗಲಿ, ನನ್ನ ಹೆಗಲು ಹಿಡಿದುಕೋ, ಕೂತು ಕೂತು ಹತ್ತೋಣ ಎಂದು ಅಮ್ಮನನ್ನು ಹೇಗೋ ಒಪ್ಪಿಸಿದಳು.

ಭಾನುವಾರ ಅಮ್ಮ ಒಗೆದ ಸೀರೆಯುಟ್ಟು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅಷ್ಟರಲ್ಲಿ ಪ್ರವಾಸಿಗಳ ಗುಂಪೊಂದು ಬಂತು. ಮೆಟ್ಟಿಲಕ್ಕ ಅಗಲದ ಅರ್ಥ ಹೇಳಿದಳು, ಎತ್ತರದ ಅರ್ಥ ಹೇಳಿದಳು, ಅಲ್ಲಿಗೇ ಮುಗಿಸಲು ನೋಡಿದಳು. ಆಸರೆಯ ವಿಷಯ ಬಿಟ್ಟಿರಲ್ಲ, ಅದನ್ನು ಕೇಳಲೆಂದೇ ಬಂದೆವು ಎಂದು ಗುಂಪಿನಲ್ಲಿದ್ದ ಹೆಂಗಸೊಬ್ಬಳು ಪಟ್ಟು ಹಿಡಿದಳು. ಹಾಳು ಬಾಯಿ, ರೂಢಿಯ ಮೇಲೆ ಹೇಳಿಯೇಬಿಟ್ಟಿತು.

ಗುಂಪು ಮೇಲೆ ಹತ್ತಿದ ಮೇಲೆ ಮೆಟ್ಟಿಲಕ್ಕ ಬಂದು ಹೆಗಲು ಕೊಟ್ಟಳು. ಅಮ್ಮ ಹಿಡಿಯಲಿಲ್ಲ.

"ಅವನಿಗಿಲ್ದಿರೋ ಆಸರೆ ನನಗೆ ಬೇಡ. ನಡಿ, ಮನೆಗೆ ಹೋಗೋಣ," ಎಂದಳು. ಇಷ್ಟು ಒಳ್ಳೆಯ ಯೋಚನೆ ಮಾಡಿದವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು ಬೇರೆ.

ಮೆಟ್ಟಿಲಕ್ಕನಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಸುಳ್ಳಮ್ಮ ಅದು. ಬರೀ ಸುಳ್ಳು. ನಾನು ಹುಟ್ಟಿಸಿದ್ದು."

ಅಮ್ಮ ಬಾಗಿಲ ಕಲ್ಲಿನ ಕಡೆ ನೋಡಿದಳು, ಆಮೇಲೆ ಮೇಲಿನ ಗೋಡೆಯ ಕಡೆ.

"ಕಲ್ಲಲ್ಲಿ ಕೆತ್ತಿರೋದು ಸುಳ್ಳಾಗುತ್ತೇನೇ? ಹಾಗಾದ್ರೆ ಅಲ್ಲಿರೋ ನಿಮ್ಮಣ್ಣನ ಹೆಸರು?"