ಗಿಳಿ ಚೀಟಿಯ ಮೇಲೆ ನಾನು ಬರೆದ ಹೆಸರು

ನನ್ನ ಯಜಮಾನರು ಹುಬ್ಬಳ್ಳಿಯಿಂದ ಜ್ವರ ಹೊತ್ತುಕೊಂಡು ಬಂದವರು ಮತ್ತೆ ಏಳಲಿಲ್ಲ. ಕೊಪ್ಪಳದ ಪೇಟೆಯಲ್ಲಿ ನಮ್ಮದೊಂದು ಸಣ್ಣ ಗ್ರಾಮಫೋನ್ ಅಂಗಡಿಯಿತ್ತು. ರಿಪೇರಿ ಕೆಲಸದ ಜೊತೆಗೆ ಅವರು ನಮ್ಮ ಸೀಮೆಯ ಹಾಡುಗಾರರನ್ನು ಹುಡುಕಿ, ಹುಬ್ಬಳ್ಳಿಗೆ ಕರೆದೊಯ್ದು ಹಾಡಿಸಿ, ಮುಂಬೈಯ ಕಾರ್ಖಾನೆಯಲ್ಲಿ ರೆಕಾರ್ಡು ಮಾಡಿಸಿ ತರುತ್ತಿದ್ದರು. ರೆಕಾರ್ಡಿನ ನಡುವಿನ ದುಂಡು ಚೀಟಿಯ ಮೇಲೆ ಕಿನ್ನಾಳದ ಚಿತ್ರಗಾರರೊಬ್ಬರು ಬರೆದುಕೊಟ್ಟ ಹಸಿರು ಗಿಳಿ, ಅದರ ಕೆಳಗೆ ಮಾಲೀಕರೆಂದು ಅವರ ಹೆಸರು. ಜನ ಅದನ್ನು ಗಿಳಿ ಪ್ಲೇಟು ಎನ್ನುತ್ತಿದ್ದರು.

ತಿಂಗಳು ತುಂಬುವ ಮೊದಲೇ ಮೈದುನ ಬಂದು ಕಟ್ಟೆಯ ಮೇಲೆ ಕೂತ.

"ವೈನಿ, ಅಂಗಡಿ ಯಾರಿಗರ ಕೊಟ್ಟುಬಿಡೂಣ್ರಿ. ಹಾಡೂ ಮಂದಿ ಹಿಂದ ನೀವು ತಿರಗಾಡಿದ್ರ ಊರಾಗ ಏನಂತಾರ?"

"ಕುಷ್ಟಗಿ ಹೆಣಮಗಳಿಗೆ ಅವರು ಮಾತು ಕೊಟ್ಟಾರ. ಅದೊಂದು ಮುಗಸ್ತೀನಿ, ಆಮ್ಯಾಲ ನೋಡೂಣು" ಎಂದೆ.

ಮಾತು ಕೊಟ್ಟದ್ದು ನಿಜ. ಆದರೆ ಅಂಗಡಿ ಬಿಟ್ಟರೆ ಆ ಮನೆಯೊಳಗೆ ಗೋಡೆ ನೋಡುತ್ತ ಕೂರಬೇಕಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಕೆಲಸವೂ ನನಗೆ ಹೊಸದಲ್ಲ. ಗಿಳಿ ಚೀಟಿಗೆ ಏನು ಅಚ್ಚಾಗಬೇಕೆಂದು ಅವರು ಹೇಳುತ್ತಿದ್ದರು, ನಾನು ಶುದ್ಧಪ್ರತಿ ಬರೆಯುತ್ತಿದ್ದೆ. ನಾನು ಅಕ್ಷರ ಕಲಿತದ್ದೇ ಹಾಗೆ.

ಕುಷ್ಟಗಿಯ ಆ ಹೆಂಗಸು ಕಲ್ಲು ಒಡೆಯುವವನೊಬ್ಬನ ಹೆಂಡತಿ, ನನಗಿಂತ ಆರೇಳು ವರ್ಷ ಚಿಕ್ಕವಳು. ಯಾವುದೋ ಮದುವೆ ಮನೆಯಲ್ಲಿ ಅವಳು ಬೀಸುವ ಪದ ಹಾಡಿದ್ದನ್ನು ಯಜಮಾನರು ಕೇಳಿ ಬಂದಿದ್ದರು. ನಾನು ಹೋದಾಗ ಅವಳು ಜೋಳ ಬೀಸುತ್ತಿದ್ದಳು. ಸಿಹಿಯಾದ ದನಿಯಲ್ಲ ಅದು. ಒರಟು, ಆದರೆ ಒಂದೇ ಎಳೆಯಲ್ಲಿ ಹೋಗುವಂಥದ್ದು. ಗಂಡ ಸತ್ತ ದಿನದಿಂದ ಸರಿಯಾಗಿ ಅಳು ಬಾರದ ನಾನು ಅವಳ ಹೊಸ್ತಿಲ ಮೇಲೆ ಕೂತು ಅತ್ತೆ. ಅವಳು ಕೈಯೊಳಗಿನ ಕಾಳು ಮುಗಿಯುವ ತನಕ ಬೀಸಿ, ಆಮೇಲೆ ಎದ್ದು ನೀರು ತಂದು ಕೊಟ್ಟಳು. 

ಹುಬ್ಬಳ್ಳಿಗೆ ಬಂದು ಹಾಡಿಸಲು ಅವಳ ಗಂಡ ಒಪ್ಪಿದ. ಅವಳು ಮಾತ್ರ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು: "ಅಕ್ಕಾರ, ನನ್ನ ಹೆಸರು ಹಾಕಬ್ಯಾಡ್ರಿ."

"ಹಾಕೂದಿಲ್ಲ ತಂಗಿ" ಎಂದೆ.

ಹುಬ್ಬಳ್ಳಿಯಲ್ಲಿ ಮುಂಬೈಯವರು ಗೋಡೆಗೆಲ್ಲ ಕೌದಿ ಕಟ್ಟಿದ ಕೋಣೆಯೊಂದರಲ್ಲಿ ಯಂತ್ರ ಇಟ್ಟಿದ್ದರು. ಬೀಸುಕಲ್ಲಿಲ್ಲದೆ ಅವಳಿಗೆ ಹಾಡೇ ಹತ್ತಲಿಲ್ಲ. ಕಡೆಗೆ ನಾನು ಅವಳೆದುರು ಕೂತು ಅವಳ ಕೈ ಹಿಡಿದು, ಬೀಸಿದಂತೆ ಸಪ್ಪಳವಿಲ್ಲದೆ ತಿರುಗಿಸಿದೆ. ಆಗ ದನಿ ಬಂತು. ಗಂಡ ಹೊರಗಿನ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಅವನ ಮುಖದಲ್ಲಿ ಅಭಿಮಾನವೇ ಇತ್ತು.

ಊರಿಗೆ ಬಂದು ಚೀಟಿ ಬರೆಯಲು ಕೂತೆ. ಮನೆವಂತ ಹೆಣ್ಣುಮಕ್ಕಳು ಹಾಡಿದರೆ ಯಜಮಾನರು 'ಒಬ್ಬ ಗೃಹಿಣಿ' ಎಂದಷ್ಟೇ ಬರೆಸುತ್ತಿದ್ದರು. ಹಾಗೆಯೇ ಬರೆದೆ. ಬರೆದದ್ದನ್ನು ಬಹಳ ಹೊತ್ತು ನೋಡಿದೆ. ನಾನೂ ಇಷ್ಟು ವರ್ಷ ಗಿಳಿ ಪ್ಲೇಟಿನವರ ಹೆಂಡತಿಯಾಗಿಯೇ ಇದ್ದವಳು. ಒಬ್ಬ ಹೆಣ್ಣಿನ ಹೆಸರಾದರೂ ಅಚ್ಚಾಗಲಿ ಅನ್ನಿಸಿತು. ಗೀಟು ಎಳೆದು, ಅವಳ ಹೆಸರು, ಊರು ಎರಡನ್ನೂ ಬರೆದೆ. ಅವಳಿಗೆ ಓದಲು ಬರುವುದಿಲ್ಲ ಎಂಬುದು ನನ್ನ ಮನಸ್ಸಿನ ಮೂಲೆಯಲ್ಲಿತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಆ ರೆಕಾರ್ಡು ನಮ್ಮ ಯಾವ ರೆಕಾರ್ಡಿಗಿಂತಲೂ ಹೆಚ್ಚು ಹೋಯಿತು. ಗಂಗಾವತಿ, ಯಲಬುರ್ಗಿಯ ಚಹಾದ ಅಂಗಡಿಗಳಲ್ಲೆಲ್ಲ ಅದೇ ಹಾಡು. ಮೈದುನ ಕೂಡ ಬಂದು ಎರಡು ಸಲ ಹಾಕಿಸಿಕೊಂಡು ಕೇಳಿದ. ನಾನು ಹಿಗ್ಗಿದೆ.

ಒಂದು ಮಧ್ಯಾಹ್ನ ಅವಳು ಒಬ್ಬಳೇ ಬಂದು ಅಂಗಡಿಯ ಮೆಟ್ಟಿಲ ಕೆಳಗೆ ನಿಂತಳು. ಬಲ ಮುಂಗೈ ಬಾತಿತ್ತು. ಒಳಗೆ ಬಾ ಎಂದರೂ ಬರಲಿಲ್ಲ.

"ಅಕ್ಕಾರ, ನನ್ನ ಪದಾ ನನಗ ಹೊಳ್ಳಿ ಕೊಡ್ರಿ."

ಅವರೂರಿನ ಚಹಾದ ಅಂಗಡಿಯಲ್ಲಿ ಓದಬಲ್ಲವನೊಬ್ಬ ಚೀಟಿಯ ಮೇಲಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿದ್ದ. ಅಂದಿನಿಂದ ಅವಳ ಗಂಡ ಆ ದಾರಿಯಲ್ಲಿ ಹೋದಾಗಲೆಲ್ಲ ಅಲ್ಲಿ ಕೂತವರು ರೆಕಾರ್ಡು ತೋರಿಸಿ "ನಿನ್ನ ಹೆಂಡ್ತೀನ ಇನ್ನೊಮ್ಮೆ ತಿರುವಲೇನೋ?" ಎಂದು ಕೇಳಿ ನಗುತ್ತಿದ್ದರು. ಅವನು ನಾವು ಕೊಟ್ಟಿದ್ದ ರೆಕಾರ್ಡನ್ನು ಕಲ್ಲಿಗೆ ಅಪ್ಪಳಿಸಿದ್ದ. ಆಮೇಲೆ ಇವಳ ಮೇಲೆ ಕೈ ಮಾಡಿದ್ದ.

"ಹೆಸರು ನೀವ ಹಾಕಿದ್ರೇನ್ರಿ, ಮುಂಬೈದವರು ಹಾಕಿದ್ರೇನ್ರಿ?" ಎಂದು ಕೇಳಿದಳು. ಮುಂಬೈಯವರು ಎಂದುಬಿಡಬಹುದಿತ್ತು.

"ನಾನ ಹಾಕೀನವ್ವ" ಎಂದೆ.

ಅವಳು ಸೆರಗು ಸರಿಮಾಡಿಕೊಂಡು ಬಸ್ಸಿನ ಕಡೆ ನಡೆದಳು.

ಮರುದಿನದಿಂದ ನಾನು ಊರೂರು ಸುತ್ತಿದೆ. ಬೇರೆ ರೆಕಾರ್ಡು ಕೊಟ್ಟು ಅವಳ ರೆಕಾರ್ಡನ್ನು ವಾಪಸು ತಂದೆ. ಕೆಲವರು ಕೊಟ್ಟರು, ಕೆಲವರು ನಕ್ಕರು. ಗಂಗಾವತಿಯ ಚಹಾದ ಅಂಗಡಿಯವನು, "ಅಮ್ಮಾರ, ಆ ಪದಾ ಕೇಳಾಕಂತನ ಮಂದಿ ಬರತೈತ್ರಿ, ಅದನ್ಹೆಂಗ ಕೊಡ್ಲಿ?" ಎಂದು ಮೆತ್ತಗೆ ಹೇಳಿ ಕೈ ಮುಗಿದ. ಯುದ್ಧದ ಕಾಲ ಅದು. ರೆಕಾರ್ಡು ಮಾಡಲು ಬೇಕಾದ ಅರಗು ಸಿಗದೆ ಕಾರ್ಖಾನೆಯವರು ಹಳೆಯ ರೆಕಾರ್ಡುಗಳನ್ನು ಪುಡಿ ಮಾಡಿ ಹೊಸದು ಮಾಡುತ್ತಿದ್ದರು. ನನ್ನಲ್ಲಿದ್ದವನ್ನೆಲ್ಲ ಪೆಟ್ಟಿಗೆಗೆ ತುಂಬಿ, ಕೊಪ್ಪಳದ ಸ್ಟೇಷನ್ನಿನಲ್ಲಿ ನಾನೇ ರೈಲಿಗೆ ಹಾಕಿಸಿದೆ. ಅವಳ ದನಿಯ ಮೇಲೆ ಇನ್ಯಾರ ದನಿ ಅಚ್ಚಾಯಿತೋ ಗೊತ್ತಿಲ್ಲ.

ಅದನ್ನು ಹೇಳಲು ಕುಷ್ಟಗಿಗೆ ಹೋದೆ. ಗಂಡ "ಕುಂದ್ರರಿ" ಎಂದಷ್ಟೇ ಹೇಳಿ ಹೊರಗೆ ಹೋದ. ಅವಳು ನೀರು ಕೊಟ್ಟಳು.

"ಎಲ್ಲಾ ಬಂದುವೇನ್ರಿ?"

"ಇಲ್ಲವ್ವ. ಇನ್ನೂ ಅದಾವು."

ಹೂಂ ಎಂದಳು. ಮೂಲೆಯಲ್ಲಿ ಬೀಸುಕಲ್ಲಿನ ಮೇಲೆ ಬಟ್ಟೆಯ ಗಂಟು ಇಟ್ಟಿದ್ದರು. ನಾನು ನೋಡಿದ್ದನ್ನು ನೋಡಿ, "ಈಗ ಜ್ವಾಳ ಗಿರಣಿಗೆ ಕೊಡತೀವ್ರಿ" ಎಂದಳು.

ಆಮೇಲೂ ನಾಲ್ಕು ವರ್ಷ ಗಿಳಿ ಪ್ಲೇಟು ನಡೆಸಿದೆ. ಭಜನೆಯವರು ಬಂದರು, ಮೊಹರಮ್ಮಿನ ಪದದವರು ಬಂದರು. ಚೀಟಿಗೆ ಬರೆದದ್ದನ್ನು ಕಾರ್ಖಾನೆಗೆ ಕಳಿಸುವ ಮೊದಲು ಹಾಡಿದವರ ಮುಂದೆ ಓದಿ ಹೇಳುತ್ತಿದ್ದೆ. ಹೆಣ್ಣುಮಕ್ಕಳು ಮಾತ್ರ ಯಾರೂ ಬರಲಿಲ್ಲ. ನಾನೂ ಯಾರ ಹೊಸ್ತಿಲಿಗೂ ಹೋಗಿ ಕೇಳಲಿಲ್ಲ.