ಕಾಟಿಯ ಬೆನ್ನೆಲುಬು ಎಣಿಸಿದ್ದು

ನಾನು ಪುತ್ತಿಗೆಯವಳು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಪದವಿ ತರಗತಿಯ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ದೂರದ ಮಹಾನಗರದ ದೊಡ್ಡ ಪ್ರಾಣಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ.

ರೈಲು ಹತ್ತಿದಲ್ಲಿಂದಲೇ ಒಬ್ಬ ಹುಡುಗಿಯ ಮೇಲೆ ನನಗೆ ಅನುಮಾನ. ಬಂಟ್ವಾಳ ಪೇಟೆಯ ಬಟ್ಟೆ ಅಂಗಡಿಯವರ ಮಗಳು, ಮಾತು ಕಡಿಮೆ. ಊಟಕ್ಕಾಗಲಿ, ಕೈ ತೊಳೆಯಲಿಕ್ಕಾಗಲಿ, ಬ್ಯಾಗನ್ನು ಎದೆಗೆ ಅವಚಿಕೊಂಡೇ ಹೋಗುತ್ತಿದ್ದಳು. "ಏನುಂಟು ಅದರಲ್ಲಿ?" ಎಂದರೆ "ಏನಿಲ್ಲ ಮೇಡಂ" ಎಂದಳು. ಏನಿಲ್ಲದ ಬ್ಯಾಗನ್ನು ಯಾರೂ ಹಾಗೆ ಹಿಡಿಯುವುದಿಲ್ಲ.

ಸಂಗ್ರಹಾಲಯದ ಒಳಗೆ ಒಬ್ಬ ಕಾವಲುಗಾರ ಅವಳ ಹಿಂದೆಯೇ ಸುಳಿಯುತ್ತಿದ್ದ. ಉಳಿದ ಇಪ್ಪತ್ತೊಂದು ಮಂದಿಯನ್ನು ಬಿಟ್ಟು ತಲೆಗೆ ಶಾಲು ಸುತ್ತಿದ್ದ ಇವಳನ್ನೇ ಆರಿಸಿಕೊಂಡದ್ದು ಯಾಕೆಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ನಾನೂ ಅವಳನ್ನೇ ನೋಡುತ್ತಿದ್ದೆನಲ್ಲ.

ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ನಿಂತಿದ್ದಾಗ ಪಕ್ಕದ ಕೋಣೆಯಿಂದ ಕೂಗು ಕೇಳಿಸಿತು. ಓಡಿದೆ. ಕಾಟಿಯ, ಎಂದರೆ ನಮ್ಮ ಘಟ್ಟದ ಕಾಡುಕೋಣದ, ಅಸ್ಥಿಪಂಜರದ ಮುಂದೆ ಕಾವಲುಗಾರ ಅವಳಿಗೆ ಅಡ್ಡ ನಿಂತಿದ್ದ. ಅವಳ ಕೈಯಲ್ಲಿ ಮುಷ್ಟಿಗಿಂತ ದೊಡ್ಡದಾದ ಬೆನ್ನೆಲುಬಿನ ತುಂಡು.

"ಮುರಿದು ತೆಗೆದಿದ್ದಾಳೆ," ಎಂದು ಅವನು ಹಿಂದಿಯಲ್ಲಿ ಅಬ್ಬರಿಸಿದ.

"ಇದು ನನ್ನದು ಮೇಡಂ," ಎಂದಳು ಹುಡುಗಿ. "ನೆರೆ ಇಳಿದ ಮೇಲೆ ನಮ್ಮ ಅಂಗಡಿಯ ಹಿಂದೆ ಕೆಸರಲ್ಲಿ ಸಿಕ್ಕಿದ್ದು. ಬೆಳ್ತಂಗಡಿಯ ಮೇಲಿನ ಕಾಡಿಂದ ಹೊಳೆ ತಂದದ್ದಾ, ಕಾಟಿಯದ್ದಾ, ಹೋಲಿಸಿ ನೋಡುವ ಅಂತ ತಂದೆ."

"ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ಲ್ಯಾಬಿನ ಕಪಾಟಿನಲ್ಲಿ ಹಾವಿನ ಪೊರೆ ಉಂಟಲ್ಲ, ಅದು ನಾನು ತಂದದ್ದು. ಚೀಟಿಯಲ್ಲಿ ನಿಮ್ಮ ಹೆಸರು ಉಂಟು."

ಆ ಚೀಟಿ ಬರೆದು ಅಂಟಿಸಿದ್ದು ನಾನೇ. ಅಷ್ಟಾದರೂ ನಾನು ಮಾಡಿದ್ದೇನು? ಅಸ್ಥಿಪಂಜರದ ಹತ್ತಿರ ಹೋಗಿ ಎಣಿಸಿದೆ. ಕುತ್ತಿಗೆಯಲ್ಲಿ ಏಳು, ಬೆನ್ನಿನಲ್ಲಿ ಹದಿಮೂರು, ಸೊಂಟದಲ್ಲಿ ಆರು. ಒಂದೂ ಕಡಿಮೆ ಇರಲಿಲ್ಲ. ಅಷ್ಟರಲ್ಲಿ ಬಂದ ಸಂಗ್ರಹಾಲಯದ ಅಧಿಕಾರಿಯೂ ಎಣಿಸಿ, ಕಾವಲುಗಾರನನ್ನು ಗದರಿಸಿ ಕಳುಹಿಸಿದರು.

ವಯಸ್ಸಾದ ಆ ಅಧಿಕಾರಿ ಎಲುಬನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಮೇಲಕ್ಕೆ ಚಾಚುವ ಮುಳ್ಳಿನಂಥ ಭಾಗ ಮುರಿದಿದೆ. ಎಮ್ಮೆಯೋ ಕಾಟಿಯೋ ಈಗಲೇ ಹೇಳಲಾರೆ. ಕಾಟಿಯದ್ದಾದರೆ ಕಾನೂನಿನಂತೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಬಿಟ್ಟು ಹೋಗಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಚೀಟಿಯಲ್ಲಿ ಯಾರ ಹೆಸರು ಬರೀತೀರಿ?" ಹುಡುಗಿಯೂ ಇಂಗ್ಲಿಷಿನಲ್ಲೇ ಕೇಳಿದಳು.

ಅವರು ನಗಲಿಲ್ಲ. ಅವಳ ಎದುರಿಗೇ ಅವಳ ಹೆಸರು, ಊರು, ಎಲುಬು ಸಿಕ್ಕಿದ ಜಾಗ ಬರೆದು ಸಹಿ ಹಾಕಿದರು. ಅವಳು ಎರಡು ಸಲ ಓದಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಆಮೇಲೆ ಎಲುಬು ಕೊಟ್ಟಳು.

ವಾಪಸು ಬರುವಾಗ ರೈಲಿನಲ್ಲಿ ಅವಳ ಪಕ್ಕ ಕುಳಿತೆ. "ತಪ್ಪಾಯ್ತು. ಪೊರೆಯದ್ದೂ, ಇವತ್ತಿನದ್ದೂ," ಎಂದೆ.

"ಆ ಕಾವಲುಗಾರ ನನ್ನನ್ನು ನೋಡಿದ್ದು ಅದೇ ಮೊದಲು ಮೇಡಂ," ಎಂದಳು. "ನೀವು ಎರಡು ವರ್ಷದಿಂದ ನೋಡ್ತಾ ಇದ್ದೀರಿ. ಆದರೂ ಎಣಿಸಿದಿರಿ."

ಅವಳು ಕಿಟಕಿಯ ಕಡೆ ತಿರುಗಿದಳು.

ಮೂರು ತಿಂಗಳ ನಂತರ ಆ ಅಧಿಕಾರಿಯ ಪತ್ರ ಅವಳ ಮನೆಗೆ ಬಂತು. ಎಲುಬು ಕಾಟಿಯದ್ದೇ ಅಂತೆ. ಇಡೀ ತರಗತಿಗೆ ಅವಳು ಪತ್ರ ತೋರಿಸಿದ್ದಳು. ನನಗೆ ಗೊತ್ತಾದದ್ದು ಬೇರೆ ಮಕ್ಕಳು ಹೇಳಿದ ಮೇಲೆ.